ಮೈಲಾಪುರದ ಮಾಡಬೀದಿಗಳಲ್ಲಿ

ಗುರುವಾರ

ಚೆನ್ನೈನ ಮೈಲಾಪುರ ಬಡಾವಣೆಯ ಉತ್ಸವ ನೋಡಲು ಹೊರಟಿದ್ದೆ. ಕಾವೇರಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಸಿದಾಗ ಆಟೋದವರೆಲ್ಲ ಮಂಕಿ ಟೋಪಿ ಹಾಕಿಕೊಂಡಿದ್ದರು. ಮೈಸೂರಿನಿಂದ ಹೋದವರಿಗೆ ಇದನ್ನು ಚಳಿ ಅನ್ನೋಕೂ ಆಗುವುದಿಲ್ಲ. ಆದರೂ ಚೆನ್ನೈ ನೋಡುವುದಾದರೆ ಜನವರಿಯಲ್ಲೇ ನೋಡಬೇಕು. ಮಳೆ ಮುಗಿದಿರುತ್ತದೆ, ಬಿಸಿಲು ಇನ್ನೂ ಮೈಮೇಲೆ ಬಂದಿರುವುದಿಲ್ಲ.

ನಾನು ಉಳಿದುಕೊಂಡದ್ದು ಮಂದವೇಲಿಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಮೈಲಾಪುರದ ಪಕ್ಕದಲ್ಲೇ ಇದೆ, ನಡೆದೇ ಹೋಗಬಹುದು. ಮದುವೆಯಾಗಿ ಬಂದಾಗಿನಿಂದ ಚಿಕ್ಕಮ್ಮ ಇಲ್ಲೇ ಇದ್ದಾರೆ. ಅವರ ಕನ್ನಡದಲ್ಲಿ ಅರ್ಧ ತಮಿಳು ಸೇರಿಕೊಂಡಿದೆ. ತಮಿಳಿನಲ್ಲಿ ಅರ್ಧ ಕನ್ನಡ ಇದೆ ಅಂತ ಅಕ್ಕಪಕ್ಕದವರು ದೂರುತ್ತಾರಂತೆ.

ಲಸ್ ಕಡೆಯಿಂದ ಬಂದ ಆಟೋ ಊರೆಲ್ಲ ಸುತ್ತಿಸಿತು. ಮೆಟ್ರೋ ಎರಡನೇ ಹಂತದ ಕೆಲಸ ನಡೆಯುತ್ತಿದೆ. ತಿರುಮಯಿಲೈ ನಿಲ್ದಾಣದಲ್ಲಿ ಎರಡು ಮಾರ್ಗಗಳು ಕೂಡುವುದರಿಂದ ಪಾತಾಳದವರೆಗೆ ಅಗೆಯುತ್ತಿದ್ದಾರೆ. ಎಲ್ಲಿ ನೋಡಿದರೂ ತಗಡಿನ ಗೋಡೆ. "ಈ ಗಲಾಟೆಯಲ್ಲಿ ಬೀದಿಯಲ್ಲಿ ಹಬ್ಬ ಮಾಡ್ತಾರಾ?" ಅಂದೆ. ಚಿಕ್ಕಮ್ಮ ಕಾಫಿ ಲೋಟ ಕೈಗೆ ಕೊಡುತ್ತಾ, "ಮಾಡದೇ ಇದ್ರೆ ಜನ ಸುಮ್ನೆ ಬಿಡ್ತಾರೇನೇ?" ಅಂದರು.

ಹಬ್ಬ ಅಂದದ್ದು ಈ ಮೈಲಾಪುರ ಉತ್ಸವವನ್ನೇ. ಪ್ರತಿ ಜನವರಿ, ಪೊಂಗಲ್‌ಗೆ ಸ್ವಲ್ಪ ಮುಂಚೆ, ವಾರದ ಕೊನೆಯಲ್ಲಿ ನಡೆಯುತ್ತದೆ. ದುಡ್ಡು ಹಾಕುವುದು ಸುಂದರಂ ಫೈನಾನ್ಸ್. ನಡೆಸುವುದು ಮೈಲಾಪುರ್ ಟೈಮ್ಸ್ ಅನ್ನುವ ಬಡಾವಣೆ ಪತ್ರಿಕೆಯವರು. ಮನೆಮನೆಗೆ ಪುಕ್ಕಟೆ ಹಂಚುವ ವಾರಪತ್ರಿಕೆ ಅದು. ಯಾರ ಮನೆ ಮುಂದೆ ಕಸ ಎತ್ತಿಲ್ಲ, ಯಾವ ಶಾಲೆಗೆ ನೂರು ವರ್ಷ ಆಯ್ತು, ಇಂಥದ್ದೇ ಸುದ್ದಿ. ಇಂಥ ಪತ್ರಿಕೆ ನಡೆಸುವ ಹಬ್ಬ ಹೇಗಿರುತ್ತದೆ ಅನ್ನೋ ಕುತೂಹಲ ನನಗೆ ಬಹಳ ದಿನದಿಂದ ಇತ್ತು.

ಸಂಜೆ ಕಪಾಲೀಶ್ವರ ದೇವಸ್ಥಾನದ ಪೂರ್ವ ಗೋಪುರದ ಎದುರಿಗೆ ಹೋದೆವು. ಸುಮಾರು 120 ಅಡಿ ಎತ್ತರದ ಈ ಗೋಪುರ 1906ರದ್ದು. ದೇವಸ್ಥಾನದ ಕಥೆ ಅದಕ್ಕಿಂತ ತುಂಬಾ ಹಳೆಯದು. ಮೂಲ ಗುಡಿ ಸಮುದ್ರದ ದಡದಲ್ಲಿತ್ತು, ಪೋರ್ಚುಗೀಸರು ಬಂದಮೇಲೆ ಹಾಳಾಯಿತು, ಆಮೇಲೆ ಒಳಗೆ ಈ ಜಾಗದಲ್ಲಿ ಕಟ್ಟಿದರು ಅನ್ನುತ್ತಾರೆ. ಗುಡಿ ಮತ್ತು ಕಲ್ಯಾಣಿಯ ಸುತ್ತ ನಾಲ್ಕು ಮಾಡಬೀದಿಗಳು, ತಿರುಮಲದಲ್ಲಿ ಇರುವ ಹಾಗೇ. ತೇರು ಎಳೆಯಲಿಕ್ಕೆ ಅಂತಲೇ ಅಗಲವಾಗಿ ಬಿಟ್ಟ ಬೀದಿಗಳು. ಈಗ ಆ ಅಗಲವನ್ನು ಸ್ಕೂಟರ್‌ಗಳೂ ತರಕಾರಿ ಬುಟ್ಟಿಗಳೂ ಹಂಚಿಕೊಂಡಿವೆ.

ನಾಗಸ್ವರ ಶುರುವಾಯಿತು. ತವಿಲ್ ಬಾರಿಸುವವರು ಬೆರಳುಗಳಿಗೆ ಗಟ್ಟಿ ಕವಚ ಹಾಕಿಕೊಂಡಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಆ ಬೆರಳುಗಳು. ಈ ವಾದ್ಯಗಳನ್ನು ಹಾಲ್‌ನಲ್ಲಿ ಕೇಳಿದರೆ ಕಿವಿ ಗುಂಯ್ ಅನ್ನುತ್ತದೆ. ಬೀದಿಯಲ್ಲಿ ಹಾಗಾಗಲಿಲ್ಲ. ಬಯಲಿಗಾಗಿ ಹುಟ್ಟಿದ ವಾದ್ಯಕ್ಕೆ ಬಯಲೇ ಸರಿ. ಹೂ ಮಾರುವ ಹೆಂಗಸು ಮಲ್ಲಿಗೆ ಕಟ್ಟುತ್ತಲೇ ತಲೆದೂಗುತ್ತಿದ್ದಳು. ಬೆರಳು ಮಾತ್ರ ನಿಲ್ಲಲಿಲ್ಲ.

ಶುಕ್ರವಾರ

ಬೆಳಿಗ್ಗೆ ಐದಕ್ಕೆಲ್ಲ ಚಿಕ್ಕಮ್ಮ ಎಬ್ಬಿಸಿದರು. "ಧನುರ್ಮಾಸದಲ್ಲಿ ಇಲ್ಲಿಗೆ ಬಂದು ಮಲಗಿದ್ರೆ ಏನು ಬಂತು ಭಾಗ್ಯ?"

ಇವರು ಮಾರ್ಗಳಿ ಅನ್ನುವುದು ನಮ್ಮ ಧನುರ್ಮಾಸವನ್ನೇ. ನಮ್ಮಲ್ಲಿ ಹುಗ್ಗಿ, ಬೆಳಗಿನ ಪೂಜೆಗೆ ಮುಗಿಯುತ್ತದೆ. ಇಲ್ಲಿ ಅದು ಬೀದಿಗೆ ಬರುತ್ತದೆ. ಮಾಡಬೀದಿಗಳಲ್ಲಿ ಭಜನೆ ಮಾಡುತ್ತಾ ಸುತ್ತು ಬರುವ ಪದ್ಧತಿಗೆ ಇಲ್ಲಿ ಒಂದು ಹೆಸರು ಅಂಟಿಕೊಂಡಿದೆ, ವಾಗ್ಗೇಯಕಾರ ಪಾಪನಾಶಂ ಶಿವನ್. 1973ರಲ್ಲಿ ತೀರಿಕೊಂಡ ಅವರು ಮಾರ್ಗಳಿಯ ಬೆಳಗಿನ ಜಾವ ತಾವೇ ಮುಂದೆ ನಿಂತು ಹಾಡುತ್ತಾ ನಾಲ್ಕು ಬೀದಿ ಸುತ್ತುತ್ತಿದ್ದರು. ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿಸಿಕೊಳ್ಳುವ ಕೃತಿಗಳನ್ನು ಬರೆದವರು, ಬೀದಿಯಲ್ಲಿ ಬರಿಗಾಲಲ್ಲಿ. ಆ ಪದ್ಧತಿ ಈಗಲೂ ನಿಂತಿಲ್ಲ.

ನಾವು ನೋಡಿದ ಗುಂಪು ದೊಡ್ಡದೇನಲ್ಲ. ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಸ್ವೆಟರ್ ಹಾಕಿದ ತಾತಂದಿರು, ನಿದ್ದೆಗಣ್ಣಿನ ಕೆಲವು ಮಕ್ಕಳು. ಒಬ್ಬರು ಸಾಲು ಹೇಳುತ್ತಿದ್ದರು, ಉಳಿದವರು ತಿರುಗಿ ಹೇಳುತ್ತಿದ್ದರು. ಹಾಲಿನವನ ಸೈಕಲ್ ಬಂದರೆ ಗುಂಪು ಎರಡಾಗಿ ಸರಿದು ಮತ್ತೆ ಒಂದಾಗುತ್ತಿತ್ತು. ಶ್ರುತಿ ಆಗಾಗ ಜಾರುತ್ತಿತ್ತು. ಅದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಕೇಳುಗರು ಅಂತ ಬೇರೆ ಯಾರೂ ಇರಲೂ ಇಲ್ಲ, ಇದ್ದವರೆಲ್ಲ ಹಾಡುತ್ತಿದ್ದರು.

ಆಮೇಲೆ ದೇವಸ್ಥಾನದ ಒಳಗೆ ಹೋದಾಗ ಚಿಕ್ಕಮ್ಮ ಪೂಂಪಾವೈಯ ಗುಡಿ ತೋರಿಸಿದರು. ಕಥೆ ಹೀಗಿದೆ. ಶಿವನೇಸ ಚೆಟ್ಟಿ ಅನ್ನುವ ವ್ಯಾಪಾರಿಯ ಮಗಳು ಪೂಂಪಾವೈ. ಹಾವು ಕಚ್ಚಿ ಸತ್ತಳು. ಅಪ್ಪ ಅವಳ ಅಸ್ಥಿಯನ್ನು ಮಡಕೆಯಲ್ಲಿ ಕಾದಿಟ್ಟ. ಏಳನೇ ಶತಮಾನದ ಸಂತ ಕವಿ ತಿರುಜ್ಞಾನ ಸಂಬಂಧರ್ ಬಂದು ಆ ಮಡಕೆಯ ಮುಂದೆ ಹಾಡಿದರು, ಹುಡುಗಿ ಎದ್ದು ಬಂದಳು. ನನಗೆ ಪವಾಡಕ್ಕಿಂತ ಹಾಡು ಜಾಸ್ತಿ ಹಿಡಿಸಿತು. ಪುಣ್ಯ, ಮೋಕ್ಷ ಅಂತೆಲ್ಲ ಹೇಳಿ ಅವಳನ್ನು ಕರೆಯುವುದಿಲ್ಲ ಅವರು. ಊರಿನ ಹಬ್ಬಗಳ ಪಟ್ಟಿ ಕೊಡುತ್ತಾರೆ! ಓಣಂ ಬಂತು, ಹೆಂಗಸರು ಹಚ್ಚುವ ಕಾರ್ತಿಕ ದೀಪ ಬಂತು, ತಿರುವಾದಿರೈ ಬಂತು, ತೈಪೂಸ ಬಂತು, ಮಾಸಿಯಲ್ಲಿ ಸಮುದ್ರ ಸ್ನಾನ ಇದೆ, ಪಂಗುನಿ ಉತ್ತರ ಇದೆ, ಇದನ್ನೆಲ್ಲ ನೋಡದೆ ಹೋಗ್ತೀಯಾ ಪೂಂಪಾವೈ ಅಂತ ಪದ್ಯ ಪದ್ಯಕ್ಕೂ ಕೇಳುತ್ತಾರೆ. ಹಬ್ಬ ತಪ್ಪಿಹೋಗುತ್ತದೆ ಅಂತ ಸತ್ತವಳು ಎದ್ದು ಬಂದ ಬಡಾವಣೆ ಇದು. ಮೆಟ್ರೋ ತಗಡಿಗೆಲ್ಲ ಇವರು ಎಲ್ಲಿ ಹೆದರುತ್ತಾರೆ?

ತಿಂಡಿಗೆ ಅರುಂಡೇಲ್ ಬೀದಿಯ ರಾಯರ್ ಮೆಸ್. ಸಣ್ಣ ಜಾಗ, ಹೊರಗೆ ಕಾಯುವ ಸಾಲು. ಪೊಂಗಲ್, ವಡೆ, ಗಟ್ಟಿ ಚಟ್ನಿ. ಅದರ ಬಗ್ಗೆ ಬರೆದವರು ತುಂಬಾ ಇದ್ದಾರೆ, ನಾನು ತಿಂದೆ ಅಷ್ಟೇ.

ಸಂಜೆ ಜಾನಪದ ಕಲೆಗಳಿದ್ದವು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಕರಗಾಟ್ಟಂ, ನಮ್ಮ ಕೀಲುಕುದುರೆಯ ಹಾಗೇ ಇರುವ ಪೊಯ್ಕಾಲ್ ಕುದಿರೈ. ಕುದುರೆ ಗುಂಪಿನೊಳಗೆ ನುಗ್ಗಿದಾಗ ಮಕ್ಕಳು ಕಿರುಚಿಕೊಂಡು ಓಡಿದವು, ಮತ್ತೆ ವಾಪಸ್ ಬಂದವು. ಆಮೇಲೆ ಪರೈ. ನಮ್ಮ ತಮಟೆಯ ಹಾಗೇ ಚಪ್ಪಟೆ ಚರ್ಮವಾದ್ಯ. ಎರಡು ಕೋಲು, ಒಂದು ದಪ್ಪ, ಒಂದು ಬಿದಿರಿನ ಸೀಳಿನಂಥ ತೆಳು. ಬಾರಿಸುವುದಕ್ಕೆ ಮುಂಚೆ ಹುಡುಗ ಹುಡುಗಿಯರು ಬೆಂಕಿ ಹೊತ್ತಿಸಿ ಚರ್ಮ ಕಾಯಿಸಿದರು. ಬಿಗಿ ಬಂದಿದೆಯಾ ಅಂತ ಒಬ್ಬಳು ಬೆರಳಲ್ಲಿ ತಟ್ಟಿ ಕಿವಿ ಹತ್ತಿರ ಹಿಡಿದು ನೋಡಿದಳು. ಇನ್ನೂ ಸಾಲದು ಅನ್ನಿಸಿ ಮತ್ತೆ ಬೆಂಕಿಗೆ ಹಿಡಿದಳು.

ಪರೈಯನ್ನು ಸಾವಿನ ವಾದ್ಯ ಅಂತ ದೂರ ಇಟ್ಟಿದ್ದರು. ಬಾರಿಸುವವರನ್ನೂ ಜಾತಿಯ ಹೆಸರಲ್ಲಿ ದೂರ ಇಟ್ಟಿದ್ದರು. ಈಗ ದಲಿತ ಕಲಾವಿದರು ಅದನ್ನು ಹೆಮ್ಮೆಯ ಕಲೆಯಾಗಿ ಎತ್ತಿ ಹಿಡಿದಿದ್ದಾರೆ. ಮೇಲ್ಜಾತಿಯವರ ಅಗ್ರಹಾರವಾಗಿದ್ದ ಬೀದಿಯಲ್ಲಿ, ಗೋಪುರದ ಎದುರು, ಆ ಸದ್ದು ಕೇಳುವುದು ಸಣ್ಣ ಮಾತಲ್ಲ. ಹಾಗಂತ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಚಪ್ಪಾಳೆ ತಟ್ಟಿದರೆ ಲೆಕ್ಕ ಚುಕ್ತಾ ಆಯ್ತು ಅಂದುಕೊಳ್ಳುವ ಹಾಗೂ ಇಲ್ಲ. ಇದೇ ಊರಲ್ಲಿ ಈ ಪ್ರಶ್ನೆಯನ್ನು ಉಲ್ಟಾ ಕಡೆಯಿಂದ ಕೇಳಿದವರೂ ಇದ್ದಾರೆ. 2015ರಲ್ಲಿ ಬೆಸೆಂಟ್ ನಗರದ ಪಕ್ಕದ ಊರೂರ್ ಓಲ್ಕಾಟ್ ಕುಪ್ಪಂ ಅನ್ನುವ ಮೀನುಗಾರರ ಕೇರಿಯಲ್ಲಿ ಗಾಯಕ ಟಿ.ಎಂ. ಕೃಷ್ಣ, ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಮತ್ತು ಕೇರಿಯ ಜನ ಸೇರಿ ಒಂದು ವಿಳಾ, ಅಂದರೆ ಉತ್ಸವ, ಶುರು ಮಾಡಿದರು. ಸಭಾದ ಸಂಗೀತವನ್ನು ಕಡಲ ದಡಕ್ಕೆ ಒಯ್ದರು, ಕೇರಿಯ ಕಲೆಗೂ ಅದೇ ವೇದಿಕೆ ಕೊಟ್ಟರು. ಕಲೆ ಯಾರ ಬೀದಿಗೆ ಹೋಗುತ್ತದೆ, ಯಾರು ಅತಿಥಿ, ಯಾರು ಮನೆಯವರು? ಈ ಜಗಳ ಚೆನ್ನೈನಲ್ಲಿ ಜೀವಂತವಾಗಿದೆ. ನಮ್ಮೂರುಗಳಲ್ಲಿ ಇಷ್ಟು ಖುಲ್ಲಂಖುಲ್ಲಾ ನಡೆದದ್ದು ನಾನು ಕಂಡಿಲ್ಲ.

ಶನಿವಾರ

ಬೆಳಿಗ್ಗೆ ನಾಗೇಶ್ವರ ರಾವ್ ಪಾರ್ಕ್. ಅಮೃತಾಂಜನ್ ಕಂಪನಿ ಕಟ್ಟಿದ, ಆಂಧ್ರ ಪತ್ರಿಕೆ ನಡೆಸಿದ ಕಾಶೀನಾಥುನಿ ನಾಗೇಶ್ವರ ರಾವ್ ಅವರ ಹೆಸರಿನ ಪಾರ್ಕು. ತಲೆನೋವಿನ ಹಳದಿ ಡಬ್ಬಿಯ ಜೊತೆ ಈ ಹಸಿರು ಸೇರಿಸಿಕೊಳ್ಳಲು ನನಗೆ ಒಂದು ನಿಮಿಷ ಬೇಕಾಯಿತು.

ಇಲ್ಲಿ ಮಕ್ಕಳ ಕಚೇರಿ ನಡೆಯುತ್ತದೆ. ವಿಶೇಷ ಏನಪ್ಪಾ ಅಂದರೆ ಮೈಕ್ ಇಲ್ಲ. ಜಮಖಾನ ಹಾಸಿ ಹಾಡುವ ಹುಡುಗಿ, ಪಿಟೀಲಿನ ಹುಡುಗ, ಮೃದಂಗದ ಹುಡುಗ. ಯಾರಿಗೂ ಹದಿನೈದು ದಾಟಿರಲಿಕ್ಕಿಲ್ಲ. ವಾಕಿಂಗ್ ಬಂದವರು ಬೂಟು ಹಾಕಿಕೊಂಡೇ ನಿಂತರು. ಮೈಕ್ ಇಲ್ಲದಿದ್ದರೆ ಕೇಳುವವರು ಹತ್ತಿರ ಬರಲೇಬೇಕು, ಬಾಯಿ ಮುಚ್ಚಲೇಬೇಕು. ಒಬ್ಬರ ಫೋನ್ ಬಡಿದುಕೊಂಡಿತು. ಹತ್ತು ಮಂದಿ ತಿರುಗಿ ನೋಡಿದ ನೋಟಕ್ಕೆ ಆ ಮನುಷ್ಯ ಗೇಟಿನ ಆಚೆಗೆ ಹೋದರು.

ಹುಡುಗಿ ಒಂದು ಪುರಂದರದಾಸರ ಪದ ಎತ್ತಿಕೊಂಡಳು. ನನ್ನ ಪಕ್ಕದಲ್ಲಿದ್ದ ತಾತ, ಇದು ಕನ್ನಡ ಅಂತ ನನಗೇ ವಿವರಿಸಿದರು. ಕರ್ನಾಟಕ ಸಂಗೀತ ಕಲಿಯುವ ಯಾವ ಮಗುವಾದರೂ ದಾಸರ ಹೆಸರಿನಲ್ಲಿರುವ ಸರಳೆ ವರಸೆ, ಪಿಳ್ಳಾರಿ ಗೀತೆಗಳಿಂದಲೇ ಶುರು ಮಾಡಬೇಕಲ್ಲ, ಹಾಗಾಗಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಕನ್ನಡ ಅರ್ಥವಾಗದೆಯೇ ಬಾಯಿಪಾಠವಾಗಿದೆ. ಬಡಾವಣೆಯ ಸಂಗೀತ ಅಂದಾಗ ನನಗೆ ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಪೆಂಡಾಲು ನೆನಪಾಗುತ್ತದೆ. ಅಲ್ಲಿ ದೊಡ್ಡ ವಿದ್ವಾಂಸರು ಬೀದಿಗೆ ಬಂದು ಹಾಡುತ್ತಾರೆ. ಇಲ್ಲಿ ಪಾರ್ಕಿನಲ್ಲಿ ಹಾಡುವುದು ನಾಳೆಯ ವಿದ್ವಾಂಸರು, ತಪ್ಪು ಮಾಡಲು ಹೆದರದ ವಯಸ್ಸಿನವರು. ಇದೇ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ.

ಹತ್ತಿರದ ಶಾಲೆಯೊಂದರಲ್ಲಿ ಹಳೆ ಮಣೆ ಆಟಗಳು. ಪಲ್ಲಾಂಗುಳಿ ಅಂದರೆ ನಮ್ಮ ಅಳಗುಳಿ ಮಣೆ, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ದಾಯಕಟ್ಟಂಗೆ ಹಿತ್ತಾಳೆ ದಾಳ ಉರುಳಿಸುವ ಸದ್ದು. ಚಿಕ್ಕಮ್ಮ ಹತ್ತು ವರ್ಷದ ಒಬ್ಬಳ ಎದುರು ಕೂತು ಅಳಗುಳಿ ಆಡಿ ಸೋತರು, "ನಮ್ಮೂರ ರೂಲ್ಸೇ ಬೇರೆ" ಅಂತ ಎದ್ದು ಬಂದರು. ಮಣೆ ಆಟಗಳ ವಿಷಯದಲ್ಲಿ ನಮ್ಮೂರೂ ಕಮ್ಮಿ ಇಲ್ಲ ಬಿಡಿ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳಲ್ಲಿ ಇವನ್ನೆಲ್ಲ ಚಂದವಾಗಿ ಮಾಡಿಸಿ ಇಡುತ್ತಾರೆ. ಆದರೆ ಅಲ್ಲಿ ಕೊಳ್ಳುವವರು ಕಂಡಷ್ಟು ಕೂತು ಆಡುವವರು ಕಾಣುವುದಿಲ್ಲ.

ಮಧ್ಯಾಹ್ನ ಉತ್ತರ ಮಾಡಬೀದಿಗೆ ಬಂದೆವು. ನವರಾತ್ರಿಯಲ್ಲಿ ಗೊಂಬೆ ಅಂಗಡಿಗಳು ತುಂಬುವ ಬೀದಿ ಇದೇ. ಇವತ್ತು ವಾಹನ ನಿಲ್ಲಿಸಿದ್ದಾರೆ. ಟಾರು ರಸ್ತೆ ತೊಳೆದು, ಸೀಮೆಸುಣ್ಣದಲ್ಲಿ ಚೌಕಗಳನ್ನು ಎಳೆದು, ನಂಬರು ಬರೆದಿದ್ದಾರೆ. ಕೋಲಂ, ಅಂದರೆ ನಮ್ಮ ರಂಗೋಲಿಯ ಸ್ಪರ್ಧೆ. ಬಣ್ಣ ಹಾಕುವಂತಿಲ್ಲ. ಚುಕ್ಕಿ ಇಟ್ಟೇ ಬಿಡಿಸಬೇಕು.

ಒಬ್ಬ ಮಾಮಿಯ ಚೌಕದ ಪಕ್ಕ ನಿಂತುಕೊಂಡೆ. ಎಪ್ಪತ್ತರ ಹತ್ತಿರ ಇರಬೇಕು. ಕುಕ್ಕರಗಾಲಲ್ಲಿ ಕೂರಲಿಲ್ಲ, ಸೊಂಟದಿಂದ ಬಗ್ಗಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಬಲಗೈ ಹೆಬ್ಬೆರಳು ತೋರುಬೆರಳ ನಡುವೆ ಪುಡಿ. ಮೊದಲು ನಡುವಿನ ಸಾಲು, ಹದಿನೈದು ಚುಕ್ಕಿ. ಅದರ ಮೇಲೂ ಕೆಳಗೂ ಸಂದುಚುಕ್ಕಿಯಲ್ಲಿ ಹದಿನಾಲ್ಕು, ಹದಿಮೂರು, ಹೀಗೆ ಎಂಟರವರೆಗೆ. ಸ್ಕೇಲಿಲ್ಲ, ದಾರ ಇಲ್ಲ. ಆಮೇಲೆ ಕೂಡಿ ನೋಡಿದೆ, 169 ಚುಕ್ಕಿ. ಒಂದೂ ಸಾಲು ಬಿಟ್ಟು ಆಚೀಚೆ ಹೋಗಿರಲಿಲ್ಲ.

ಆಮೇಲೆ ಎಳೆ. ಸಿಕ್ಕು ಕೋಲಂ ಅಂದರೆ ಎಳೆ ಚುಕ್ಕಿಯನ್ನು ಮುಟ್ಟುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ, ತನ್ನನ್ನೇ ದಾಟುತ್ತದೆ, ಕೊನೆಗೆ ಹೊರಟಲ್ಲಿಗೇ ಬಂದು ಸೇರಬೇಕು. ಮಾಮಿ ಪುಡಿ ತೆಗೆಯಲು ಬಟ್ಟಲಿಗೆ ಕೈ ಹಾಕುವಾಗ ಎಳೆ ಒಂದು ಚುಕ್ಕಿಯ ಪಕ್ಕದಲ್ಲೇ ನಿಲ್ಲುತ್ತಿತ್ತು, ಮತ್ತೆ ಶುರು ಮಾಡಿದ ಜಾಗ ಎಲ್ಲಿ ಅಂತ ಹುಡುಕಿದರೂ ನನಗೆ ಸಿಗಲಿಲ್ಲ. ಮೂಲೆ ತಿರುಗುವಾಗ ಮಾತ್ರ ಬೆರಳು ಒಂಚೂರು ನಿಧಾನವಾಗುತ್ತಿತ್ತು. ಪಕ್ಕದ ಚೌಕದ ಕಾಲೇಜು ಹುಡುಗಿ ಫೋನಿನಲ್ಲಿ ಚಿತ್ರ ಇಟ್ಟುಕೊಂಡು ಬಿಡಿಸುತ್ತಿದ್ದಳು, ಒಂದು ಕಡೆ ಸಿಕ್ಕಿ ಹಾಕಿಕೊಂಡು ನಿಂತಳು. ಮಾಮಿ ತಲೆ ಎತ್ತದೆ, ಎಡಕ್ಕೆ ತಿರುಗಿಸು ಅಂದರು. ಸ್ಪರ್ಧಿಗೆ ಸ್ಪರ್ಧಿಯೇ ಹೇಳಿಕೊಡುವ ಆಟ ಇನ್ನೆಲ್ಲಿದೆ?

ಅವರು ಮುಗಿಸಿ ಸೊಂಟ ನೀವಿಕೊಳ್ಳುವಾಗ ಚಿಕ್ಕಮ್ಮನ ಮೂಲಕ ಮಾತಾಡಿಸಿದೆ. ಮೈಲಾಪುರದಲ್ಲಿ ಓಣಿ ಮನೆ ಇತ್ತಂತೆ. ಅದನ್ನು ಬಿಲ್ಡರ್‌ಗೆ ಕೊಟ್ಟು ಅಪಾರ್ಟ್‌ಮೆಂಟ್ ಆಯ್ತು. ಈಗ ಮೂರನೇ ಮಹಡಿ. ಬಾಗಿಲ ಮುಂದೆ ಎರಡು ಅಡಿ ಟೈಲ್ಸು, ಅದರಲ್ಲೂ ಅರ್ಧ ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡಿಗೆ. "ಅಲ್ಲಿ ಐದು ಚುಕ್ಕಿ ಇಡೋದೇ ಕಷ್ಟ" ಅಂದರು. ವರ್ಷಕ್ಕೊಮ್ಮೆ ಇಷ್ಟು ಅಗಲದ ಅಂಗಳ ಸಿಗುತ್ತಲ್ಲ, ಅದಕ್ಕೇ ಬರುತ್ತಾರಂತೆ. ಬಹುಮಾನದ ಬಗ್ಗೆ ಕೇಳಿದೆ. "ಕೊಟ್ಟರೆ ಬೇಡ ಅನ್ನಲ್ಲ."

ಸುತ್ತ ನೋಡಿದರೆ ಬಹುಪಾಲು ಇದೇ ಕಥೆ. ದೂರದ ತಾಂಬರಂ, ಅಂಬತ್ತೂರಿನಿಂದ ರೈಲು ಹತ್ತಿ ಬಂದವರಿದ್ದರು. ಕೆಲವರು ಹುಟ್ಟಿದ್ದು ಇಲ್ಲೇ, ಬಾಡಿಗೆ ಏರಿದಾಗ ಆಚೆ ಹೋದವರು. ಅಂಗಳ ಕಳೆದುಕೊಂಡವರಿಗೆಲ್ಲ ಈ ಬೀದಿ ಎರಡು ಮಧ್ಯಾಹ್ನದ ಮಟ್ಟಿಗೆ ಅಂಗಳ ಸಾಲ ಕೊಡುತ್ತದೆ. ಉತ್ಸವದ ಉಳಿದದ್ದೆಲ್ಲ ಇಲ್ಲದಿದ್ದರೂ ಇದಿಷ್ಟು ಉಳಿಸಿಕೊಳ್ಳಬೇಕು. ಗಂಡಸರೂ ನಾಲ್ಕೈದು ಜನ ಬಿಡಿಸುತ್ತಿದ್ದರು. ಅವರ ಸುತ್ತ ಜನ ಜಾಸ್ತಿ, ಎಳೆ ಮಾತ್ರ ಸ್ವಲ್ಪ ದಪ್ಪ.

ದಾರಿಯಲ್ಲಿ ಕಾಳತ್ತಿ ಪೇಪರ್ ಅಂಗಡಿಯಲ್ಲಿ ರೋಸ್ ಮಿಲ್ಕ್ ಕುಡಿದೆವು. ಪೇಪರ್ ಮಾರುವ ಅಂಗಡಿ ರೋಸ್ ಮಿಲ್ಕಿಗೆ ಯಾಕೆ ಹೆಸರಾಯಿತು ಅಂತ ಕೇಳಬೇಡಿ, ಕುಡಿದರೆ ಗೊತ್ತಾಗುತ್ತದೆ.

ಭಾನುವಾರ

ಬೆಳಿಗ್ಗೆ ಹೆರಿಟೇಜ್ ವಾಕ್. ಲಸ್ ಚರ್ಚ್, ಪೋರ್ಚುಗೀಸರು ಕಟ್ಟಿದ್ದು, 1516. ಸಾಂತೋಮ್ ಬಸಿಲಿಕಾ, ಸಂತ ಥಾಮಸರ ಸಮಾಧಿ ಅನ್ನುವ ಜಾಗದ ಮೇಲೆ, ಈಗಿನ ಕಟ್ಟಡ 1896ರದ್ದು. ವಿಷಯ ಚೆನ್ನಾಗಿತ್ತು. ಆದರೆ ಗುಂಪಿನಲ್ಲಿ ಮೂವತ್ತು ಜನ, ಮೂವತ್ತು ಕ್ಯಾಮೆರಾ. ಬಿಸಿಲೂ ಏರಿತ್ತು. ಅರ್ಧದಲ್ಲೇ ನಾನು ತಪ್ಪಿಸಿಕೊಂಡು ಕಡಲ ಕಡೆ ಹೋಗಿ ಕೂತೆ.

ಊಟ ರಾಧಾಕೃಷ್ಣನ್ ಸಾಲೈನ ನ್ಯೂ ವುಡ್‌ಲ್ಯಾಂಡ್ಸ್‌ನಲ್ಲಿ. ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಉಡುಪಿ ಕಡೆಯ ಕಡಂದಲೆಯವರು. 1938ರಲ್ಲಿ ರಾಯಪೇಟೆಯಲ್ಲಿ ಶುರು ಮಾಡಿದರು. 1962ರಲ್ಲಿ ಅವರು ತೆರೆದ ಡ್ರೈವ್-ಇನ್ ಹೋಟೆಲು ಮದ್ರಾಸಿನ ಕಥೆಗಾರರು, ಸಂಗೀತಗಾರರು, ನಿರುದ್ಯೋಗಿಗಳು ಎಲ್ಲರೂ ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಕೂರುವ ಜಾಗವಾಗಿತ್ತು. 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅನ್ನುವ ತೋಟ ಇದೆ. ಚಿಕ್ಕಪ್ಪ ಚಿಕ್ಕಮ್ಮನನ್ನು ಮದುವೆಗೆ ಮುಂಚೆ ಮಾತಾಡಿಸಿದ್ದು ಅಲ್ಲೇ, ಕಾರಿಲ್ಲದೆ, ನಡೆದುಕೊಂಡು ಹೋಗಿ. "ಮಸಾಲೆ ದೋಸೆ ಆರ್ಡರ್ ಮಾಡಿ ಒಂದು ಮಾತೂ ಆಡ್ಲಿಲ್ಲ ಪುಣ್ಯಾತ್ಮ" ಅಂದರು ಚಿಕ್ಕಮ್ಮ.

ಮಧ್ಯಾಹ್ನ ಮತ್ತೆ ಕೋಲಂ ಬೀದಿ. ನಿನ್ನೆಯವು ಅಳಿಸಿ ಹೋಗಿದ್ದವು, ಹೊಸ ಚೌಕಗಳು ತುಂಬುತ್ತಿದ್ದವು. ಜನ ಎರಡು ಪಟ್ಟು. ನಾನು ಫಲಿತಾಂಶಕ್ಕೆ ಕಾಯಲಿಲ್ಲ, ಬ್ಯಾಗ್ ತೆಗೆದುಕೊಂಡು ಬರಬೇಕಿತ್ತು. ರೈಲು ರಾತ್ರಿ ಇದ್ದರೂ ಮೆಟ್ರೋ ಅಗೆತ ನೆನೆಸಿಕೊಂಡು ಬೇಗ ಹೊರಟೆ. ಆಟೋ ರಾಯಪೇಟೆ ದಾಟುವ ಹೊತ್ತಿಗೆ ಚಿಕ್ಕಮ್ಮನ ಫೋನು ಬಂತು.

"ನಿನ್ ಮಾಮಿಗೆ ಬಹುಮಾನ ಬರಲಿಲ್ಲ ಕಣೆ. ತಾಂಬರಂನವಳ್ಯಾರೋ ಬಂದು ಹೊಡ್ಕೊಂಡ್ ಹೋದ್ಲಂತೆ. ಮಾಮಿ ಕಂಡಾಪಟ್ಟೆ ಕೋಪದಲ್ಲಿದ್ದಾರೆ. ಜಡ್ಜ್‌ಗೆ ಚುಕ್ಕಿ ಎಣಿಸೋಕ್ ಬರಲ್ಲ ಅಂತಿದ್ದಾರೆ."

"ಬಹುಮಾನ ಕೊಟ್ರೆ ಬೇಡ ಅನ್ನಲ್ಲ ಅಂತ ಅಷ್ಟೇ ಹೇಳಿದ್ರಲ್ಲ?"

"ಅದು ನಿನ್ನೆ. ಇವತ್ತು ಆ ತಾಂಬರಂನವಳ ಫೋನ್ ನಂಬರ್ ತಗೊಂಡು ಬಂದಿದ್ದಾರೆ. ಆ ಮೂಲೆ ಹೇಗೆ ತಿರುಗಿಸಿದ್ಲು ಅಂತ ಕೇಳ್ಬೇಕಂತೆ. ನೀನು ಬರೋ ವರ್ಷ ಒಂದು ಕೆಲಸ ಮಾಡು, ದೇವರಾಜ ಮಾರ್ಕೆಟ್ಟಿಂದ ಒಂದೆರಡು ಕೆಜಿ ರಂಗೋಲಿ ಪುಡಿ ತಗೊಂಡ್ ಬಾ. ಇಲ್ಲಿದು ನನ್ ಕೈಗೆ ಹತ್ತಲ್ಲ."